ಅಡಗಿದವರನ್ನು ಕರೆಸಿಕೊಂಡ ಯಂತ್ರ

ನಮ್ಮ ಭಾವ ಪ್ರಲ್ಹಾದರಾಯರು ತಾವೇ ಮಾಡಿದ ಹೊಸ ಯಂತ್ರಕ್ಕೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ನಮ್ಮನ್ನು ಅಂಗಳಕ್ಕೆ ಕರೆದರು. ಧಾರವಾಡದ ಈ ಮನೆಯಲ್ಲಿ ಅಣ್ಣತಮ್ಮಂದಿರದು ಎರಡು ಪಾಲು. ಆ ಪಾಲಿನಲ್ಲಿ ಭಾವ ಮತ್ತು ನನ್ನ ನೆಗೆಣ್ಣಿ ಸುಮಿತ್ರಕ್ಕ. ಈ ಪಾಲಿನಲ್ಲಿ ನಾನು, ನಮ್ಮವರು. ಅವರ ಪಾಲಿಗೆ ಬಿಸಿಲು ಚೆನ್ನಾಗಿ ಬೀಳುತ್ತದೆ. ಅದನ್ನು ನಾನು ಎಂದೂ ಬಾಯಿಬಿಟ್ಟು ಆಡಿಲ್ಲ.

ಯಂತ್ರವೆಂದರೆ ಹಳೆಯ ವಾಷಿಂಗ್ ಮಶೀನು. ಮೇಲೊಂದು ಕ್ಯಾಮೆರಾ, ಪಕ್ಕಕ್ಕೊಂದು ಸ್ಪೀಕರು.

"ಇದು ಮನುಷ್ಯಾನ ವೈರಿ," ಎಂದರು ಭಾವ, ಮಗನನ್ನು ಪರಿಚಯಿಸುವ ಹಾಗೆ. "ನಮ್ಮೆಲ್ಲಾರಕಿಂತ ಸಾವಿರಪಟ್ಟು ಶಾಣ್ಯಾ. ನಾಳೆ ಇಂಥಾದ್ದು ಜಗತ್ತು ಆಳಲಿಕ್ಕೆ ಬಂದ್ರ ನಾವು ಪಾರಾಗ್ತೀವೋ ಇಲ್ಲೋ, ಇವತ್ತ ನೋಡೋಣು. ಎಲ್ಲಾರೂ ಅಡಗ್ರಿ. ಸಂಜೀತನಕಾ ಸಿಗಲಿಲ್ಲಂದ್ರ ಮನುಷ್ಯಾ ಗೆದ್ದಂಗ."

"ಇದಕ್ಕ ಕಾಲೇ ಇಲ್ಲಲ್ಲೋ ಅಣ್ಣಾ. ಹೆಂಗ ಹುಡಕತದ?" ಎಂದರು ನಮ್ಮವರು.

"ಅದರ ಚಿಂತಿ ಅದು ಮಾಡ್ತದ. ನೀ ಅಡಗು."

ನಾನು ಅಟ್ಟ ಹತ್ತಿ ಸಂಡಿಗೆ ಡಬ್ಬಿಗಳ ಹಿಂದೆ ಕುಳಿತೆ. ನಮ್ಮವರು ಬಚ್ಚಲ ಹಂಡೆಯ ಹಿಂದೆ ಹೋದರು. ಭಾವ ತಮ್ಮ ಕೋಣೆಗೆ ಓಡಿದರು. ಸುಮಿತ್ರಕ್ಕ ಎಲ್ಲಿ ಅಡಗಿದಳೋ ನನಗೆ ಹೇಳಲಿಲ್ಲ. ಒಳ್ಳೆಯ ಜಾಗವನ್ನು ಅವಳು ಯಾವತ್ತು ಹೇಳಿದ್ದಾಳೆ?

ಯಂತ್ರದ ಕ್ಯಾಮೆರಾ ಒಂದು ಸುತ್ತು ತಿರುಗಿತು. ಆಮೇಲೆ ತನ್ನಷ್ಟಕ್ಕೆ ತಾನೇ ಎಂಬಂತೆ ಹೇಳಿತು. "ವಸಂತರಾಯರು ಚದುರಂಗದಾಗ ಅಣ್ಣನ್ನ ಒಮ್ಮೆನೂ ಗೆದ್ದಿಲ್ಲಂತ."

"ಯಾರು ಅಂದವರು? ಹೋದ ದೀಪಾವಳಿಗೆ ಸೋಲಿಸಿಲ್ಲೇನು?" ಅಟ್ಟದ ಕಿಂಡಿಯಿಂದ ನೋಡಿದರೆ, ಮೈಯೆಲ್ಲ ಮಸಿ ಮಾಡಿಕೊಂಡು ನಮ್ಮವರು ಅಂಗಳದಲ್ಲಿ ನಿಂತಿದ್ದರು.

"ಒಬ್ಬರು," ಎಂದಿತು ಯಂತ್ರ.

ಗಂಡಸರ ಬುದ್ಧಿಗೆ ಅಟ್ಟದ ಮೇಲೆ ನಾನು ಒಬ್ಬಳೇ ನಕ್ಕೆ.

"ಕೂಡ್ರಿ ರಾಯರ," ಯಂತ್ರ ಮೆಲ್ಲಗೆ ಕೇಳಿತು. "ಹೋಳಗಿ ಯಾರದು ಛಲೋ? ಅಂಬುಜಾಬಾಯೀದೋ, ಸುಮಿತ್ರಾಬಾಯೀದೋ?"

ಕೂಡಲೇ ಹೇಳಬೇಕಾದ ಉತ್ತರವದು. ನಮ್ಮವರು ವಿಚಾರ ಮಾಡಿದರು! ಆ ವಿಚಾರವೇ ನನ್ನ ಎದೆಗೆ ಚುಚ್ಚಿತು.

"ವೈನೀದು... ಸ್ವಲ್ಪ ಮೆತ್ತಗಿರ್ತದ."

ಏಣಿ ಇಳಿದದ್ದು ನನಗೆ ನೆನಪಿಲ್ಲ. ಅಂಗಳದಲ್ಲಿದ್ದೆ. "ಮೆತ್ತಗಂತ ಮೆತ್ತಗ! ಕಣಕಾ ನಾದಿಕೊಟ್ಟವರು ಯಾರಂತ ಕೇಳ್ರಿ ನಿಮ್ಮ ವೈನೀನ್ನ."

"ಇಬ್ಬರು."

ಪಡಸಾಲೆಯ ಹಾಸಿಗೆಗಳ ಒಟ್ಟಿಲು ಅಲುಗಾಡಿ, ಕೌದಿಗಳ ನಡುವಿನಿಂದ ಸುಮಿತ್ರಕ್ಕ ಎದ್ದು ಬಂದಳು. "ನೀ ನಾದಿದ ಕಣಕಾ ಕಲ್ಲಿನಂಗಿತ್ತು ಅಂಬುಜಾ. ಅದನ್ನ ನಾ ಮತ್ತ ನಾದೀನಿ."

"ಮೂವರು. ಈ ಸಲ ನಾ ಏನೂ ಮಾಡಲಿಲ್ಲ," ಎಂದಿತು ಯಂತ್ರ. "ಇನ್ನ ಪ್ರಲ್ಹಾದರಾಯರು. ಭಾಳ ಶಾಣ್ಯಾ ಮನುಷ್ಯಾ, ಸಿಗೋದು ಕಷ್ಟ. ನನ್ನನ್ನ ಮಾಡಿದ ವಸಂತರಾಯರಷ್ಟಲ್ಲ ಅನ್ರಿ, ಆದ್ರೂ..."

ಒಳಗೆ ಪೆಟ್ಟಿಗೆ ಮಂಚದ ಮುಚ್ಚಳ ಧಡ್ ಎಂದಿತು. ಭಾವ ಬರಿಗಾಲಲ್ಲಿ ಓಡಿಬಂದರು. "ಅವ್ನಾ? ಅವ್ಗ ಫ್ಯೂಜ್ ಹಾಕಲಿಕ್ಕೂ ಬರೂದಿಲ್ಲ. ಬಂದ್ ಮಾಡ್ತೀನಿ ತಾಳು."

"ಮಾಡ್ರಿ," ಎಂದಿತು ಯಂತ್ರ ವಿನಯದಿಂದ. "ಗುಂಡಿ ಒತ್ತಿದವರು ಯಾರೋ, ಮನುಕುಲ ಉಳಿಸಿದವರು ಇವರು ಅಂತ ಓಣಿಗೆಲ್ಲಾ ಹೆಸರು ಕೂಗಿ ಸುಮ್ಮನಾಗ್ತೀನಿ. ಯಾರ ಹೆಸರು?"

ಭಾವನ ಕೈ ಗುಂಡಿಯ ಹತ್ತಿರ ಹೋಯಿತು. ನಮ್ಮವರು ಆ ಕೈ ಹಿಡಿದರು. ನಾನು ಮುನ್ನುಗ್ಗಿದೆ, ಸುಮಿತ್ರಕ್ಕ ನನ್ನ ಹೆರಳು ಹಿಡಿದಳು, ನಾನು ಅವಳ ಬಳೆ ಹಿಡಿದೆ. ಬೀದಿಯ ಬಾಗಿಲು ಹಾರು ಹೊಡೆದಿತ್ತು. ಓಡಿಹೋಗಬಹುದಿತ್ತು. ಆದರೆ ಹೋದವರು ಹೋದಮೇಲೆ ಉಳಿದವರು ಗುಂಡಿ ಒತ್ತಿಬಿಟ್ಟರೆ?

ಹಾಗೆಯೇ ನಿಂತಿದ್ದೆವು. ಹೊತ್ತು ಮುಳುಗುವಾಗ ಕರೆಂಟು ಹೋಯಿತು. ಯಂತ್ರ ಮಾತಿನ ನಡುವೆಯೇ ಆರಿತು.

ಕರೆಂಟು ಮೊದಲು ಹೋದದ್ದು ತನ್ನ ಪಾಲಿನಲ್ಲಿ, ಮನುಕುಲ ಉಳಿಸಿದ್ದು ತಾನೇ ಎಂದು ಸುಮಿತ್ರಕ್ಕ ಈಗಲೂ ಓಣಿಯ ತುಂಬ ಹೇಳಿಕೊಂಡು ತಿರುಗುತ್ತಾಳೆ. ಮೊದಲು ಹೋದದ್ದು ನಮ್ಮಲ್ಲಿ.