ನನ್ನ ಕಾದಂಬರಿಯೂ ಇಂದೂರಿನ ಗೌಡರೂ

ಮೈಗೆ ತುರಿಕಜ್ಜಿ ಹತ್ತಿದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ಒಬ್ಬರು ಬೇವಿನ ಎಲೆ ಅನ್ನುತ್ತಾರೆ, ಇನ್ನೊಬ್ಬರು ಗಂಧಕ ಅನ್ನುತ್ತಾರೆ, ಹೇಗೋ ಒಂದು ದಾರಿ ಸಿಗುತ್ತದೆ. ಕಾದಂಬರಿ ಬರೆದಿದ್ದೇನೆ ಎಂದು ಹೇಳಿಕೊಳ್ಳುವುದು ಅಷ್ಟು ಸುಲಭವಲ್ಲ. ಕೇಳಿದವರು ಒಂದು ಗಳಿಗೆ ನಮ್ಮ ಮುಖ ನೋಡಿ ‘ಹೌದೇನ್ರಿ?’ ಎನ್ನುತ್ತಾರೆ, ಮರುಕ್ಷಣ ಮಳೆಯ ಮಾತು ತೆಗೆಯುತ್ತಾರೆ. ಹೀಗಾಗಿ ನಾನು ಕಾದಂಬರಿ ಬರೆದು ಮುಗಿಸಿದ ಮೇಲೂ ಬಹಳ ದಿನ ಯಾರಿಗೂ ಹೇಳದೆ, ಹೊಟ್ಟೆನೋವು ನುಂಗಿಕೊಂಡವನಂತೆ ದಾಂಡೇಲಿಯ ಬೀದಿಗಳಲ್ಲಿ ಓಡಾಡುತ್ತಿದ್ದೆ.

ಆಗ ದಾಂಡೇಲಿ ಇನ್ನೂ ಹೊಸ ಊರು. ಕಾಗದದ ಗಿರಣಿ ಬಂದು ಕೆಲವೇ ವರ್ಷಗಳಾಗಿದ್ದವು. ಧಾರವಾಡ, ಬೆಳಗಾವಿ ಕಡೆಯಿಂದ ನನ್ನಂಥವರು ಹಾಸಿಗೆ ಸುತ್ತಿಕೊಂಡು ಬಂದು ಗಿರಣಿಯ ಚಾಳುಗಳಲ್ಲಿ ಸಂಸಾರ ಹೂಡಿದ್ದೆವು. ನಾನು ಆಫೀಸಿಗೆ ಬಂದ ಹೋದ ಪತ್ರಗಳ ಲೆಕ್ಕ ಇಡುವ ಆವಕ-ಜಾವಕ ಗುಮಾಸ್ತ. ಹಗಲೆಲ್ಲ ಮೂಗಿಗೆ ಬಿದಿರು ಬೇಯುವ ವಾಸನೆ, ಕಣ್ಣಿಗೆ ಬಿಳಿ ಕಾಗದದ ಸುರುಳಿಗಳು. ಇಷ್ಟು ಖಾಲಿ ಕಾಗದವನ್ನು ದಿನವೂ ನೋಡುತ್ತಾ ಇದ್ದರೆ ಯಾರಿಗಾದರೂ ಏನಾದರೂ ಬರೆಯಬೇಕು ಅನ್ನಿಸೀತು. ಉಳಿದವರು ಆ ಆಸೆಯನ್ನು ತಡೆದುಕೊಂಡರು, ನನಗೆ ಆಗಲಿಲ್ಲ. ಅಂಚು ಕೆಟ್ಟು ಬದಿಗೆ ಬಿದ್ದ ಕಾಗದವನ್ನು ಕೇಳಿ ತಂದು ‘ಕಣ್ಣೀರಿನ ಕೊಡುಗೆ’ ಎಂಬ ಕಾದಂಬರಿಯನ್ನು ಬರೆದೇಬಿಟ್ಟೆ. ಅದರಲ್ಲಿ ಪ್ರಭಾಕರ ಎಂಬ ಸದ್ಗುಣಿ ತರುಣನಿದ್ದ. ಅವನಿಗೊಬ್ಬ ಮಹಾ ಜಿಪುಣ ಮಾವನಿದ್ದ. ಇಬ್ಬರ ನಡುವೆ ಸಿಕ್ಕಿ ಅಳುವ ಹೆಂಡತಿ ಇದ್ದಳು. ಕಥೆ ಕೇಳಿದರೆ ನಿಮಗೆ ಏನೋ ಸಂಶಯ ಬರಬಹುದು. ನನಗೆ ಆಗ ಬಂದಿರಲಿಲ್ಲ.

ಬರೆದಾದ ಮೇಲೆ, ತಿಳಿದವರು ಯಾರಾದರೂ ಒಮ್ಮೆ ನೋಡಿ ತಿದ್ದಿಕೊಟ್ಟರೆ ಪ್ರಕಾಶಕರಿಗೆ ಕಳಿಸಬಹುದು ಎನ್ನಿಸಿತು. ಮೊದಲು ಕಂಡವರು ನಮ್ಮ ಆಫೀಸಿನ ಹೆಡ್‌ ಕ್ಲಾರ್ಕು. ಪತ್ರ ಬರೆಯುವುದರಲ್ಲಿ ಅವರನ್ನು ಮೀರಿಸಿದವರು ಆ ಕಡೆ ಇರಲಿಲ್ಲ. ಅಂಜುತ್ತಂಜುತ್ತ ಮೊದಲನೆಯ ಅಧ್ಯಾಯವನ್ನು ಅವರ ಮೇಜಿನ ಮೇಲಿಟ್ಟು ಬಂದೆ. ಸಂಜೆ ಅದು ನನ್ನ ಟ್ರೇಗೆ ವಾಪಸು ಬಂದಿತ್ತು. ಕಾಳಿ ನದಿಯ ಮೇಲೆ ಚಂದ್ರೋದಯವಾಗುವುದನ್ನು ನಾನು ಎರಡು ಪುಟ ವರ್ಣಿಸಿದ್ದೆ. ಅದರ ಬದಿಗೆ ಅವರು ಕೆಂಪು ಶಾಯಿಯಲ್ಲಿ ‘ವಿಷಯ ಸ್ಪಷ್ಟವಿಲ್ಲ, ಸಂಕ್ಷಿಪ್ತವಾಗಿ ಮಂಡಿಸಿ’ ಎಂದು ಬರೆದು ಸಹಿ ಮಾಡಿದ್ದರು. ಮರುದಿನ ನಾವಿಬ್ಬರೂ ಆ ವಿಷಯ ಎತ್ತಲಿಲ್ಲ. ಅವರು ನಿಜವಾಗಿ ಓದಿದರೋ ಅಥವಾ ಯಾವುದೋ ಅರ್ಜಿ ಎಂದುಕೊಂಡು ವಿಲೇವಾರಿ ಮಾಡಿದರೋ ಎಂಬುದು ನನಗೆ ಇಂದಿಗೂ ತಿಳಿಯದು.

ಕೊನೆಗೆ ಯಾರೋ ಹಳಿಯಾಳದ ಗಲಗಲಿ ಮಾಸ್ತರರ ಹೆಸರು ಹೇಳಿದರು. ಸುತ್ತಲಿನ ತಾಲೂಕುಗಳಲ್ಲೆಲ್ಲ ಕನ್ನಡ ಕಲಿಸಿ ನಿವೃತ್ತರಾದವರು. ಒಂದು ರವಿವಾರ ಹಸ್ತಪ್ರತಿಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಚೀಲದ ಮೇಲೆ ನಾಲ್ಕು ಬದನೆಕಾಯಿ ಹಾಕಿಕೊಂಡಿದ್ದೆ, ಗುರುತಿನವರು ಸಿಕ್ಕು ಏನದು ಎಂದರೆ ತೋರಿಸಲಿಕ್ಕೆ. ಮಾಸ್ತರರು ಜಗಲಿಯ ಮೇಲೆ ಅಡಕೊತ್ತು ಹಿಡಿದು ಕೂತಿದ್ದರು. ಬದನೆಕಾಯಿಯನ್ನೂ ಕಾದಂಬರಿಯನ್ನೂ ಒಟ್ಟಿಗೇ ಸ್ವೀಕರಿಸಿದರು. ನನ್ನ ಕುಲಗೋತ್ರ ಕೇಳಿದಾಗ ನಾನು ನಾಚಿಕೆಯಿಂದ ಬರೀ ಕಾವ್ಯನಾಮ ಹೇಳಿದೆ. ಮಾವನ ಮನೆ ಯಾವುದೆಂದು ಅವರು ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ.

ತಿಂಗಳು ಬಿಟ್ಟು ಮತ್ತೆ ಹೋದಾಗ ಮಾಸ್ತರರು ಬಹಳ ಪ್ರೀತಿಯಿಂದ ಕೂಡಿಸಿಕೊಂಡರು. ಭಾಷೆ ಶುದ್ಧವಾಗಿದೆ, ಅಲ್ಲಲ್ಲಿ ಒತ್ತಕ್ಷರ ತಪ್ಪಿವೆ, ತಿದ್ದಿದ್ದೇನೆ ಎಂದರು. ನಾನು ಹಿಗ್ಗಿದೆ. ಆಮೇಲೆ, ಕಥೆಯ ಹೂರಣದ ವಿಷಯ ತಮಗೆ ಅಷ್ಟು ತಿಳಿಯದು, ಹಳ್ಳಿಯ ಮನೆತನ, ಮಾವ ಅಳಿಯಂದಿರ ಜಗಳ ಇದನ್ನೆಲ್ಲ ಬಲ್ಲ ಹಿರಿಯರೊಬ್ಬರಿದ್ದಾರೆ, ತಾವು ಮುಂಡಗೋಡದಲ್ಲಿದ್ದಾಗಿನ ಸ್ನೇಹಿತರು, ಹತ್ತೂರಿನ ನ್ಯಾಯ ಬಗೆಹರಿಸಿದವರು, ಒಳ್ಳೇ ಓದುಗರು, ಅವರಿಗೇ ಕಳಿಸಿದ್ದೇನೆ ಎಂದರು. ನಾನು ಕೈಮುಗಿದು, ಇಂಥ ಉಪಕಾರ ಯಾರು ಮಾಡುತ್ತಾರೆ ಎಂದೆ. ಎದ್ದು ಚಪ್ಪಲಿ ಮೆಟ್ಟುವಾಗ ಸುಮ್ಮನೆ ಆ ಹಿರಿಯರ ಹೆಸರು ಕೇಳಿದೆ.

“ಇಂದೂರದ ಶಿವನಗೌಡ್ರು,” ಎಂದರು ಮಾಸ್ತರರು. “ಭಾಳ ದೊಡ್ಡ ಮನಸಿನ ಮನಿಷಾ.”

ಶಿವನಗೌಡರು ನನ್ನ ಹೆಂಡತಿಯ ತಂದೆ.

ಮಾಸ್ತರರ ಜಗಲಿಯಿಂದ ಬಸ್‌ ಸ್ಟ್ಯಾಂಡಿಗೆ ಹೇಗೆ ಬಂದೆನೋ ನೆನಪಿಲ್ಲ. ದಾರಿಯುದ್ದಕ್ಕೂ ನಾನು ಬರೆದ ಒಂದೊಂದು ಮಾತೂ ತಾನಾಗಿ ಎದ್ದು ಬಂದು ಎದುರು ನಿಲ್ಲತೊಡಗಿತು. ಕಾದಂಬರಿಯ ಮಾವ ಬೆಲ್ಲದ ಪೆಂಟೆಗಳನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕುತ್ತಿದ್ದ. ಸೀನುವಾಗ ಇಡೀ ಓಣಿಗೆ ಕೇಳಿಸುವಂತೆ ಶಿವನಾಮ ಸ್ಮರಿಸುತ್ತಿದ್ದ. ಎಲ್ಲಕ್ಕಿಂತ ಮೇಲಾಗಿ, ಮೊದಲ ದೀಪಾವಳಿಗೆ ಬಂದ ಅಳಿಯ ಕೈಗಡಿಯಾರದ ಆಸೆಯಿಂದ ಕುಳಿತಿದ್ದಾಗ ಅವನ ತೊಡೆಯ ಮೇಲೆ ಒಂದು ಕರೀ ಕಂಬಳಿ ತಂದಿಟ್ಟು, ‘ಅಲ್ಲಿ ಥಂಡಿ ಭಾಳ’ ಎಂದಿದ್ದ. ಆ ಪ್ರಸಂಗಕ್ಕೇ ನಾನು ‘ಕಂಬಳಿಯ ಕ್ರೌರ್ಯ’ ಎಂಬ ಪೂರ್ತಿ ಅಧ್ಯಾಯ ಮೀಸಲಿಟ್ಟಿದ್ದೆ. ಇದ್ಯಾವುದನ್ನೂ ನಾನು ಕಲ್ಪಿಸಿರಲಿಲ್ಲ. ಕಲ್ಪನೆಯ ಶಕ್ತಿ ನನಗೆ ಅಷ್ಟು ಇದ್ದಿದ್ದರೆ ಈ ಪೇಚೇ ಬರುತ್ತಿರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಏನೂ ಹೇಳಲಿಲ್ಲ. ಅವಳ ಹೆಸರು ನೀಲಮ್ಮ. ನಾನು ಏನೋ ಬರೆಯುತ್ತೇನೆಂಬುದು ಅವಳಿಗೆ ಗೊತ್ತಿತ್ತು, ಆಫೀಸಿನ ಕೆಲಸ ಮನೆಗೆ ತರುತ್ತಾರೆ ಎಂದು ನೆರೆಯವರ ಮುಂದೆ ಮರುಗುತ್ತಿದ್ದಳು. ಮರುದಿನ ಆಫೀಸಿಗೆ ಮೈಯಲ್ಲಿ ಆರಾಮವಿಲ್ಲವೆಂದು ಚೀಟಿ ಕಳಿಸಿ, ನೀಲಮ್ಮನಿಗೆ ಆಫೀಸಿನ ಕೆಲಸದ ಮೇಲೆ ಹೋಗುತ್ತೇನೆಂದು ಹೇಳಿ, ಮುಂಡಗೋಡದ ಹತ್ತಿರದ ಇಂದೂರಿಗೆ ಹೊರಟೆ. ಮಾವನವರು ಇನ್ನೂ ಹಸ್ತಪ್ರತಿಯ ಗಂಟು ಬಿಚ್ಚಿರಲಿಕ್ಕಿಲ್ಲ, ಸುಗ್ಗಿಯ ಕಾಲ, ಭತ್ತದ ರಾಶಿ ಬಿಟ್ಟು ಕಾದಂಬರಿ ಯಾರು ಓದುತ್ತಾರೆ ಎಂಬುದು ನನ್ನ ಆಸೆ. ಏನಾದರೂ ನೆಪ ಹೇಳಿ ಅದನ್ನು ಎತ್ತಿಕೊಂಡು ಬರುವುದು ನನ್ನ ಉಪಾಯ. ಬಸ್ಸು ಬದಲಿಸಿ ಬದಲಿಸಿ ಇಂದೂರು ಮುಟ್ಟುವ ಹೊತ್ತಿಗೆ ಮಧ್ಯಾಹ್ನ ತಿರುಗಿತ್ತು.

ಊರ ಮುಂದಿನ ಕಟ್ಟೆಯ ಮೇಲೆ ಕೂತವರು ನನ್ನನ್ನು ನೋಡಿ ಮಾತು ನಿಲ್ಲಿಸಿದರು. ಊರಿನ ಅಳಿಯನೆಂದು ಮೊದಲಿಂದಲೂ ಮರ್ಯಾದೆ ಕೊಡುವ ಜನ. ಅಂದೂ ಎದ್ದು ನಿಂತು ನಮಸ್ಕಾರ ಮಾಡಿದರು. ಅವರಲ್ಲೊಬ್ಬ ಮುದುಕ ಮಾತ್ರ ಬಹಳ ಕಳಕಳಿಯಿಂದ, “ಕಂಬಳಿ ತಂದಿಲ್ಲೇನ್ರಿ ಅಳಿಯಂದ್ರ? ಸಂಜಿಗೆ ಥಂಡಿ ಬೀಳತೈತಿ,” ಎಂದ. ಉಳಿದವರು ಬೇರೆ ಬೇರೆ ದಿಕ್ಕಿಗೆ ಮುಖ ತಿರುಗಿಸಿ ಕೆಮ್ಮಿದರು. ಒಬ್ಬನ ಹೆಗಲು ಕುಣಿಯುತ್ತಿತ್ತು. ಗಂಟು ಬಿಚ್ಚಿದೆ ಎಂಬುದಷ್ಟೇ ಅಲ್ಲ, ಊರ ತುಂಬ ಹರಡಿದೆ ಎಂಬುದು ನನಗೆ ಅಲ್ಲೇ ತಿಳಿಯಿತು. ಕಟ್ಟೆಯಿಂದ ಮಾವನ ಮನೆಯವರೆಗಿನ ಆ ಸಣ್ಣ ಓಣಿಯಷ್ಟು ಉದ್ದದ ದಾರಿಯನ್ನು ನಾನು ಜೀವನದಲ್ಲಿ ನಡೆದಿಲ್ಲ.

ಮನೆಯಲ್ಲಿ ಅತ್ತೆಯವರೊಬ್ಬರೇ ಇದ್ದರು. ಕಾಲಿಗೆ ನೀರು ಕೊಟ್ಟರು, ರೊಟ್ಟಿ ಬಡಿದು ಹಾಕಿದರು. ಮಾವನವರು ಬೆಳಿಗ್ಗೆಯೇ ದಾಂಡೇಲಿಗೆ ಹೋದರೆಂದೂ, ಬಗಲಲ್ಲಿ ಒಂದು ಕಾಗದದ ಗಂಟು ಇತ್ತೆಂದೂ, ಕೆಲವು ದಿನಗಳಿಂದ ಸಂಜೆಯಾದರೆ ಪಡಸಾಲೆಯಲ್ಲಿ ಜನ ಕೂಡಿಸಿ ಅದನ್ನು ಓದಿಸುತ್ತಿದ್ದರೆಂದೂ ಹೇಳಿದರು. ಅತ್ತೆಯವರು ಓದಿದವರಲ್ಲ, ಆದರೆ ಅಡಿಗೆಮನೆಯಿಂದ ಎಲ್ಲವನ್ನೂ ಕೇಳಿದ್ದರು ಎಂದು ಕಾಣುತ್ತದೆ. ನನ್ನ ತಾಟಿಗೆ ದೊಡ್ಡದೊಂದು ಬೆಲ್ಲದ ಪೆಂಟೆಯನ್ನು ಇಟ್ಟು, ಇನ್ನೂ ಬೇಕೇ ಎಂದು ಕೇಳಿದರು. ಅವರ ಮುಖದಲ್ಲಿ ನಗೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಆ ಬೆಲ್ಲವನ್ನು ಬಿಡುವ ಹಾಗಿರಲಿಲ್ಲ, ಪೂರ್ತಿ ತಿಂದೆ. ಎರಡನೆಯ ರೊಟ್ಟಿಗೆ ಕಾಯದೆ ಬಸ್ಸಿಗೆ ಓಡಿದೆ.

ಮುಂಡಗೋಡದಲ್ಲಿ ಗುರುತಿನವರ ಮನೆಯಲ್ಲಿ ಉಳಿದು, ಮರುದಿನ ದಾಂಡೇಲಿಗೆ ಬಂದು ಬಾಗಿಲಲ್ಲಿ ನಿಂತಾಗ ಮಾವನವರು ನನ್ನ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಕನ್ನಡಕ ಏರಿಸಿ ಮಗಳಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ನೀಲಮ್ಮ ಮೊರ ಹಿಡಿದು ಅಕ್ಕಿ ಆರಿಸುತ್ತ ತಲೆ ತಗ್ಗಿಸಿ ಕೇಳುತ್ತಿದ್ದಳು. ಮಂಚದ ಮೇಲೆ ಹಾಸಿದ್ದು ಅದೇ ಕರೀ ಕಂಬಳಿ. ದಾಂಡೇಲಿಯ ಚಳಿಗೆ ಅದರಷ್ಟು ಬೆಚ್ಚಗಿನದು ನಮ್ಮ ಮನೆಯಲ್ಲಿ ಬೇರೆ ಇರಲಿಲ್ಲ, ಆ ದೀಪಾವಳಿಯಿಂದ ಅದನ್ನೇ ಹೊದ್ದು ಮಲಗುತ್ತಿದ್ದೆ. ‘ಕಂಬಳಿಯ ಕ್ರೌರ್ಯ’ವನ್ನು ಬರೆದದ್ದೂ ಅದನ್ನೇ ಹೊದ್ದುಕೊಂಡು.

“ಬರ್ರಿ ಅಳಿಯಂದ್ರ,” ಎಂದರು ಮಾವನವರು. “ನೀವು ಮನ್ಯಾಗಿಲ್ಲದ್ದ ನೋಡಿ ತಿಳೀತು, ನೀವು ನಮ್ಮೂರಿಗೆ, ನಾ ನಿಮ್ಮೂರಿಗೆ. ಕೂಡ್ರಿ.”

ನಾನು ನೆಲದ ಮೇಲೆ ಕೂತೆ. ಏನೋ ಹೇಳಬೇಕೆಂದು, ಅದು ನಾನು ಬರೆದದ್ದಲ್ಲ, ಒಬ್ಬ ಸ್ನೇಹಿತರದು ಎಂದು ಶುರುಮಾಡಿದೆ. ಮಾವನವರು ಸಮಾಧಾನದಿಂದ, ಮದುವೆಯಾದಾಗಿನಿಂದ ನನ್ನ ಪತ್ರಗಳನ್ನು ಓದುತ್ತಿರುವವರಿಗೆ ನನ್ನ ಅಕ್ಷರ ತಿಳಿಯದೇ ಎಂದರು. ಊರಿಗೆಲ್ಲ ಓದಿಸಿದ್ದಕ್ಕೂ ಅವರೇ ಕಾರಣ ಹೇಳಿದರು. ಮಾಸ್ತರರು ಅಭಿಪ್ರಾಯ ಕೇಳಿದ್ದಾರೆ, ತಾವು ಇಷ್ಟು ವರ್ಷ ಪಂಚರಾಗಿ ಕೂತವರು, ತಮ್ಮ ಮೇಲಿನ ಫಿರ್ಯಾದನ್ನು ತಾವೊಬ್ಬರೇ ಕೇಳಿ ತೀರ್ಪು ಕೊಟ್ಟರೆ ಅದು ನ್ಯಾಯವಾಗುವುದಿಲ್ಲ, ನಾಲ್ಕು ಮಂದಿ ಕೇಳಬೇಕು ಎಂದರು.

ತೀರ್ಪು ಹೇಳುವಾಗ ಅವರ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

“ಆ ಮಾವ ಚಲೋ ಬಂದಾನ,” ಎಂದರು. “ಬೆಲ್ಲದ ಕೀಲಿ ಖರೆ, ಸೀನೂದೂ ಖರೆ. ಮಂದಿ ಕೇಳಿ ನಕ್ಕರು, ನಾನೂ ನಕ್ಕೆ. ಅವನ್ನ ಮುಟ್ಟಬ್ಯಾಡ್ರಿ. ಆದ್ರ ಈ ಪ್ರಭಾಕರ ಅದಾನಲ್ಲ, ಅವಂಗ ಹಸಿವಿಲ್ಲ, ಸಿಟ್ಟಿಲ್ಲ, ಒಂದ ಸುಳ್ಳ ಹೇಳೂದಿಲ್ಲ. ಕಟ್ಟಿ ಮ್ಯಾಲಿನವ್ರು ಕೇಳಿದ್ರು, ‘ಗೌಡ್ರ, ಇಂಥಾ ಅಳಿಯಾ ಎಲ್ಲಿ ಸಿಗತಾನ? ನಮ್ಮ ಹುಡುಗಿಗೂ ನೋಡೂಣು’ ಅಂತ. ನಾ ಏನಂತ ಹೇಳ್ಲಿ?”

ಆಫೀಸಿಗೆ ಆರಾಮವಿಲ್ಲವೆಂದು ಚೀಟಿ ಕಳಿಸಿ, ಮನೆಯಲ್ಲಿ ಆಫೀಸಿನ ಕೆಲಸವೆಂದು ಹೇಳಿ, ಈಗ ತಾನೇ ಇದು ಸ್ನೇಹಿತರದು ಎಂದ ಪ್ರಭಾಕರ ಅಲ್ಲೇ ಕೂತಿದ್ದ. ಒಂದು ಕಡೆಯ ಮಾತು ಕೇಳಿ ತೀರ್ಪು ಬರೆದಿದ್ದೀರಿ, ಈ ಅಳಿಯನ ಮೇಲೆ ಮಾವನಿಗೂ ಏನಾದರೂ ಹೇಳುವುದಿದ್ದೀತು, ಅದನ್ನೂ ಬರೆದರೆ ಪುಸ್ತಕ ನಿಲ್ಲುತ್ತದೆ ಎಂದು ಮಾವನವರು ಮಾತು ಮುಗಿಸಿ, ಮುಖ ತೊಳೆಯಲು ಹಿತ್ತಲಿಗೆ ಹೋದರು.

ಅಪ್ಪನನ್ನು ಜಿಪುಣನೆಂದು ಬರೆದದ್ದಕ್ಕೆ ನೀಲಮ್ಮ ಜಗಳ ತೆಗೆಯುತ್ತಾಳೆ ಎಂದು ನಾನು ಕಾದಿದ್ದೆ. ಕ್ಷಮೆ ಕೇಳುವ ಮಾತನ್ನೂ ಜೋಡಿಸಿಕೊಂಡಿದ್ದೆ. ಅವಳು ಮೊರವನ್ನು ಬದಿಗಿಟ್ಟಳು.

“ಅದರಾಗ ಅವ್ರ ಮನಿ ಎತ್ತಿಗೂ ಹೆಸರ ಇಟ್ಟೀರಿ,” ಎಂದಳು. “ಹೇಣತಿಗೆ ಮಾತ್ರ ಹೆಸರ ಇಲ್ಲ. ಮೊದಲಿಂದ ಕಡೀತನಕ ‘ಅವನ ಹೆಂಡತಿ ಅತ್ತಳು’ ಅಂತನ ಐತಿ. ನಾ ಯಾವಾಗ ಅಷ್ಟ ಅತ್ತೇನ್ರಿ?”

ನಾನು ಹಾಳೆ ತಿರುವಿ ನೋಡಿದೆ. ನಿಜವಾಗಿತ್ತು. ಎತ್ತಿನ ಹೆಸರು ಸಾರಂಗ. ಆಳಿಗೆ ಹೆಸರಿತ್ತು, ಬಸ್ಸಿನ ಕಂಡಕ್ಟರನಿಗೆ ಹೆಸರಿತ್ತು. ಇಷ್ಟು ಪುಟ ಬರೆಯುವಾಗ ಈ ಮಾತು ಒಮ್ಮೆಯೂ ನನ್ನ ತಲೆಗೆ ಹೊಳೆದಿರಲಿಲ್ಲ, ಹಳಿಯಾಳದ ಮಾಸ್ತರರಿಗೂ ಹೊಳೆದಿರಲಿಲ್ಲ. ಅವಳು ಅಳುವುದನ್ನು ನಾನು ನೋಡಿದ್ದು ಒಮ್ಮೆಯೋ ಎರಡು ಸಲವೋ. ಅದಕ್ಕೂ ಈರುಳ್ಳಿಯೇ ಕಾರಣವಿದ್ದೀತು. ಇಂದೂರಿನ ಕಟ್ಟೆಯ ಮುಂದೆ ಆದ ನಾಚಿಕೆ ನಾಚಿಕೆಯೇ ಅಲ್ಲ ಎಂದು ನನಗೆ ಅನ್ನಿಸಿದ್ದು ಆಗ. ಏನು ಹೆಸರಿಡಲಿ ಎಂದು ಮೆಲ್ಲಗೆ ಕೇಳಿದೆ. ಅವಳು ಅಕ್ಕಿ ತೊಳೆಯಲು ಎದ್ದಳು. ಅದನ್ನೂ ತಾನೇ ಹೇಳಬೇಕೇ ಎಂಬುದು ಅವಳ ಬೆನ್ನಿನಲ್ಲೇ ಕಾಣುತ್ತಿತ್ತು.

ಕಾದಂಬರಿಯನ್ನು ಮೊದಲಿನಿಂದ ತಿರುಗಿ ಬರೆದೆ. ಮಾವನವರು ಬಂದಾಗಲೆಲ್ಲ ಓದಿಸಿ ಕೇಳುತ್ತಿದ್ದರು, ಅಳಿಯನ ತಪ್ಪುಗಳಲ್ಲಿ ನನಗೆ ಮರೆತದ್ದನ್ನು ನೆನಪಿಸುತ್ತಿದ್ದರು. ನೀಲಮ್ಮ ಅಡಿಗೆ ಮಾಡುತ್ತಲೇ ಇನ್ನಷ್ಟು ಸೇರಿಸುತ್ತಿದ್ದಳು. ಈ ವಿಷಯದಲ್ಲಿ ಇಬ್ಬರ ಭಂಡಾರವೂ ಬರಿದಾಗುವಂಥದಾಗಿರಲಿಲ್ಲ. ಕಾದಂಬರಿಯ ಹೆಂಡತಿಗೆ ಗಿರಿಜೆ ಎಂಬ ಹೆಸರು ಬಂತು. ಅವಳು ಅಳುವುದನ್ನು ಬಿಟ್ಟು ಮಾತಾಡತೊಡಗಿದ ಮೇಲೆ ಪುಸ್ತಕ ಇನ್ನೂ ದಪ್ಪವಾಯಿತು.

ಮುಗಿದ ಮೇಲೆ ಮರ್ಯಾದೆಗೆಂದು ಗಲಗಲಿ ಮಾಸ್ತರರಿಗೂ ಒಯ್ದು ಕೊಟ್ಟೆ. ಅವರು ಓದಿ, ಭಾಷೆ ಮೊದಲಿನಷ್ಟು ಶುದ್ಧವಾಗಿ ಉಳಿದಿಲ್ಲ ಎಂದು ಬೇಸರಪಟ್ಟರು. ಆದರೆ ಪ್ರಭಾಕರನ ಪಾತ್ರ ಅವರನ್ನು ಬಹಳ ಹಿಡಿದಿತ್ತು. ತನ್ನನ್ನು ತಾನೇ ದೊಡ್ಡವನೆಂದು ತಿಳಿದ, ತಿಂದ ಮನೆಯವರನ್ನೇ ಆಡಿಕೊಳ್ಳುವ, ಮಾತಿಗೊಂದು ಸುಳ್ಳು ಹೇಳುವ ಇಂಥ ಸಣ್ಣ ಮನುಷ್ಯನನ್ನು ಎಷ್ಟು ಹತ್ತಿರದಿಂದ ನೋಡಿ ಬರೆದಿದ್ದೀರಿ, ಯಾರು ಇವನು ಎಂದು ಕೇಳಿದರು. ನಮಗೆ ದೂರದ ಸಂಬಂಧ ಆಗಬೇಕು ಎಂದೆ.

“ದೂರದಾಂವ ಆದದ್ದು ಚಲೋ ಆತ ಬಿಡ್ರಿ,” ಎಂದರು ಮಾಸ್ತರರು, ಅಡಿಕೆ ಕತ್ತರಿಸುತ್ತ. “ಅಂಥವ್ರು ಮನ್ಯಾಗ ಇದ್ರ ಭಾಳ ತ್ರಾಸು.”

ಹೌದು ಎಂದು ತಲೆಯಾಡಿಸಿ, ಹಸ್ತಪ್ರತಿಯನ್ನು ಚೀಲಕ್ಕೆ ಹಾಕಿಕೊಂಡು, ಆ ಮನುಷ್ಯನನ್ನು ಕರೆದುಕೊಂಡು ಮನೆಗೆ ಬಂದೆ.