ನೀರಿಗೆ ಸೀರೆ ಉಡಿಸಿದ ನಮ್ಮ ಮಾವ

ನನ್ನ ಸೋದರಮಾವ ಮಳೆಯನ್ನೂ ಸೋಸಿ ಕುಡಿಯುತ್ತಿದ್ದರು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ರಾಮದುರ್ಗದಲ್ಲಿ ಸೋಸುವಷ್ಟು ಮಳೆ ಬಂದಿದ್ದರೆ ಖಂಡಿತ ಸೋಸುತ್ತಿದ್ದರು. ಅವರು ಜನ್ಮದಲ್ಲಿ ಸೋಸದೆ ಬಿಟ್ಟದ್ದು ಒಂದೇ, ತಮ್ಮ ಮಾತು.

ಮಾವ ನೇಕಾರರು. ಮನೆಯಲ್ಲಿ ಅವರು, ಅವರ ಮಗ್ಗ, ಇಷ್ಟೇ ಸಂಸಾರ. ಬೇರೆಯವರು ಅಂಗಿಯ ಒಳಜೇಬಿನಲ್ಲಿ ಎಲೆ ಅಡಿಕೆ ಚಂಚಿ ಇಟ್ಟುಕೊಂಡರೆ ಇವರು ತಾವೇ ನೇಯ್ದ ಒಂದು ಅರಿವೆ ಇಟ್ಟುಕೊಳ್ಳುತ್ತಿದ್ದರು. ಎಂಥ ಬಿಗಿ ನೇಯ್ಗೆ ಅಂತೀರಿ, ಅದರೊಳಗಿಂದ ಗಾಳಿ ಸಹ ಪರವಾನಗಿ ಕೇಳಿ ಹೋಗಬೇಕು. ಹೋಟೆಲಿನಲ್ಲಿ ಚಹಾ ಬಂದರೂ ಅದನ್ನೇ ತೆಗೆಯುವರು.

"ಚಹಾ ಸೋಸೇ ಕೊಟ್ಟೇನ್ರಿ" ಎಂದು ಹೋಟೆಲಿನವನು ಮುಖ ಸಣ್ಣದು ಮಾಡುತ್ತಿದ್ದ.

"ಚಹಾ ಸೋಸೀರಿ. ನೀರು ಸೋಸೀರೇನು?"

ಹಿತ್ತಿಲಿನಲ್ಲಿ ಇನ್ನೊಂದು ಸೋಜಿಗವಿತ್ತು. ತಳಕ್ಕೆ ತೂತು ಕೊರೆದ ಮೂರು ಗಡಿಗೆಗಳು, ಒಂದರ ಮೇಲೊಂದು. ಮೇಲಿನದರಲ್ಲಿ ಹರಳುಗಲ್ಲು, ನಡುವಿನದರಲ್ಲಿ ಇದ್ದಲಿ, ಕೆಳಗಿನದರಲ್ಲಿ ಉಸುಕು, ಕೊನೆಗೆ ಬಿಗಿದು ಕಟ್ಟಿದ ಅರಿವೆ. ಮೇಲೆ ಜಳಕದ ನೀರು ಸುರಿದರೆ ಕೆಳಗಿನ ಕೊಡಕ್ಕೆ ಹನಿಹನಿಯಾಗಿ ತಿಳಿನೀರು ಇಳಿಯುತ್ತಿತ್ತು. ಅದು ಮೆಣಸಿನ ಗಿಡಕ್ಕೆ. "ಕರೆಂಟ್ ಬ್ಯಾಡ, ಪಂಪ್ ಬ್ಯಾಡ. ನೀರಿಗೆ ಕೆಳಗ ಇಳಿಯೂದು ಯಾರರ ಕಲಿಸಬೇಕೇನು?" ಎನ್ನುವರು. ಒಮ್ಮೆ ಕಿತ್ತೂರಿನಿಂದ ಬಂದ ನೆಂಟರೊಬ್ಬರು ಬಾಯಾರಿ ಸೀದಾ ಹಿತ್ತಿಲಿಗೆ ಹೋಗಿ, ಆ ಕೊಡದಿಂದ ಒಂದು ತಂಬಿಗೆ ಏರಿಸಿ, ಮೀಸೆ ಒರೆಸಿಕೊಂಡು ಬಂದರು.

"ಭಾಳ ಚಲೋ ನೀರ್ರಿ. ಯಾವ ಬಾವೀವು?"

"ಬಾವೀವಲ್ರಿ. ನಿನ್ನಿ ಜಳಕದವು."

ನೆಂಟರ ಕೈ ಮೀಸೆಯ ಮೇಲೆಯೇ ನಿಂತಿತು. "ಯಾರ ಜಳಕದವು?"

"ನನ್ನವ ರೀ. ಹೊರಗಿನವರವಲ್ಲ."

ಆ ನೆಂಟರು ಮತ್ತೆ ರಾಮದುರ್ಗದ ಬಸ್ಸು ಹತ್ತಿದ್ದನ್ನು ಯಾರೂ ನೋಡಿಲ್ಲ.

ಇಂಥವರನ್ನು ನನ್ನ ತಂಗಿಗೆ ವರನ ಮನೆ ನೋಡಲು ಕರೆದೊಯ್ಯಬಹುದೇ? ಕರೆದೊಯ್ದೆವು. ಸೋದರಮಾವ, ಬಿಡುವ ಹಾಗಿಲ್ಲ. ನಾನಾಗ ಬೈಲಹೊಂಗಲದಲ್ಲಿ ಹೊಸದಾಗಿ ಮಾಸ್ತರನಾಗಿದ್ದೆ. ವರನ ಊರು ಸವದತ್ತಿ ಕಡೆಯದು. ಹೆಸರು ಬೇಡ, ಈಗ ಅದು ತಂಗಿಯ ಊರು. ಒಕ್ಕಲುತನದ ದೊಡ್ಡ ಮನೆ, ಚೊಕ್ಕ ಹುಡುಗ. ತಂಗಿ ಅವನನ್ನು ಒಮ್ಮೆ ನೋಡಿಯೇ ಒಪ್ಪಿದ್ದಳು. ವರನ ತಾಯಿ ಬೆಲ್ಲ ಮತ್ತು ನೀರು ತಂದಿಟ್ಟರು. ಮಾವನ ಕೈ ಒಳಜೇಬಿಗೆ ಹೋಯಿತು. ಅವ್ವ ಕಣ್ಣು ಮುಚ್ಚಿಕೊಂಡಳು.

ಮಾವ ತಂಬಿಗೆಗೆ ಅರಿವೆ ಕಟ್ಟಿ ನೀರು ಸೋಸತೊಡಗಿದರು. ವರನ ತಂದೆ ಕೇಳಿದರು: "ಯಾಕ್ರೀ, ನಮ್ಮ ಮನಿ ನೀರು ನಿಮಗ ನಡಿಯೂದಿಲ್ಲೇನು?"

"ನೀರು ನಡೀತಾವ್ರಿ. ನೀರಾಗ ನಡಿಯೂವನ್ನ ಅಷ್ಟ ತಡೀತೇನಿ." ಅರಿವೆಯನ್ನು ಬಿಸಿಲಿಗೆ ಹಿಡಿದು ತೋರಿಸಿದರು. ಸಾಸಿವೆಗಿಂತ ಸಣ್ಣ ಚುಕ್ಕೆಗಳು ಮಿಸುಕಾಡುತ್ತಿದ್ದವು.

"ನಮ್ಮ ಮುತ್ತಜ್ಜನ ಕಾಲದಿಂದ ಇದ ಬಾವಿ ನೀರು ಕುಡದೇವಿ."

ವರನ ತಂದೆಯ ಎಡಗಾಲಿಗೆ ಪಟ್ಟಿ ಸುತ್ತಿತ್ತು. ಮಾವ ಅದನ್ನೇ ನೋಡಿದರು. "ಅದಕ್ಕ ನೀವು ಅರಿವಿ ಕಾಲಿಗೆ ಸುತ್ತೀರಿ. ನಾ ತಂಬಿಗಿಗೆ ಸುತ್ತೇನಿ. ಅಷ್ಟ ಫರಕು."

ಸಂಬಂಧ ಅಲ್ಲೇ ಹರಿಯಿತು. ತಂಗಿ ಮೂರು ದಿನ ಊಟ ಬಿಟ್ಟಳು. ಆಮೇಲೆ ಬಂದ ಎರಡು ಸಂಬಂಧಗಳಿಗೂ ತಲೆನೋವೆಂದು ಮಲಗಿದಳು. ಅಪ್ಪ ಮಾವನ ಹೆಸರೆತ್ತುವುದನ್ನೇ ನಿಲ್ಲಿಸಿದರು.

ಆದರೆ ಮಾವ ಹೇಳಿದ್ದು ಸುಳ್ಳಲ್ಲ. ಆಗ ನಮ್ಮ ಕಡೆ ನಾರುಹುಣ್ಣಿನ ಪೀಡೆ ಇತ್ತು. ನೀರಿನ ಆ ಚುಕ್ಕೆಗಳೊಳಗೆ ಹುಳುವಿನ ಮರಿ ಇರುತ್ತದೆ. ಹೊಟ್ಟೆಗೆ ಹೋದ ಮೇಲೆ ಒಂದು ವರ್ಷ ಸುಮ್ಮನಿದ್ದು, ಮೊಳದುದ್ದದ ನಾರಾಗಿ ಕಾಲು ಸೀಳಿಕೊಂಡು ಬರುತ್ತದೆ. ಆ ಕಾಲಲ್ಲಿ ಮೆಟ್ಟಿಲ ಬಾವಿಗೆ ಇಳಿದರೆ ನೀರಿಗೆ ಮತ್ತೆ ಮರಿ. ಬಿತ್ತುವ ಹೊತ್ತಿಗೆ ಸರಿಯಾಗಿ ಅರ್ಧ ಊರು ಹಾಸಿಗೆ ಹಿಡಿಯುತ್ತಿತ್ತು.

ತಿಂಗಳೊಪ್ಪತ್ತಿನಲ್ಲಿ ಸುದ್ದಿ ಬಂತು: ಮಾವ ಅರಿವೆಯ ಗಂಟು ಹೊತ್ತು ಅದೇ ವರನ ಊರಿನ ಬಾವಿಯ ಮೇಲೆ ಕುಳಿತಿದ್ದಾರೆ! ಅವರನ್ನು ಕರೆತರಲು ಅವ್ವ ನನ್ನನ್ನು ಕಳಿಸಿದಳು.

ಹೋಗಿ ನೋಡಿದರೆ ಮಾವ ಕೊಡ ತಂದ ಹೆಂಗಸರಿಗೆಲ್ಲ ಒಂದೊಂದು ಅರಿವೆ ಹಂಚುತ್ತಿದ್ದಾರೆ. ಒಂದು ಮಗ್ಗುಲಿಗೆ ಕೆಂಪು ಎಳೆ ನೇಯ್ದಿದ್ದಾರೆ. "ಕೆಂಪು ಯಾವಾಗ್ಲೂ ಮ್ಯಾಲ ಇರಬೇಕ್ರೆವ್ವಾ. ತಿರುವಿ ಹಾಕಿದ್ರ ಹಿಡದ ಕಳ್ಳನ್ನ ಮನಿಯೊಳಗ ಬಿಟ್ಟಂಗ."

ಒಬ್ಬ ಮುದುಕಿ ಕೊಡ ಇಳಿಸಿ ಕೇಳಿದಳು: "ಏನಪಾ, ನೀರಿಗೂ ಸೀರಿ ಉಡಸಾಕ ಬಂದೀಯೇನು?"

"ಹೌದಬೇ. ಮರ್ಯಾದಿ ಊರಿನ ನೀರು ಬತ್ತಲೆ ತಿರಗಬಾರದು."

ಹುಣ್ಣಿನ ಕಾಲಿನವರನ್ನು ಮೆಟ್ಟಿಲಿಳಿಯಲು ಬಿಡುತ್ತಿರಲಿಲ್ಲ. ಅವರ ಕೊಡ ತಾವೇ ತುಂಬಿ ಕೊಡುತ್ತಿದ್ದರು. ನಾನಿರುವಾಗಲೇ ವರನ ತಂದೆ ಕುಂಟುತ್ತ ಬಂದರು. "ನನ್ನ ಊರ ಬಾವಿಗೆ ನಾ ಇಳೀಬಾರದೇನು?" ಎಂದು ಕೋಲು ಕುಟ್ಟಿದರು. ಮಾವ ಅವರ ಕೈಯಿಂದ ಕೊಡ ತೆಗೆದುಕೊಂಡು ಇಳಿದು ತುಂಬಿದರು, ಸೋಸಿದರು, ಹೆಗಲ ಮೇಲೆ ಹೊತ್ತು ಅವರ ಮನೆಯವರೆಗೂ ನಡೆದರು. ನಾನು ಕರೆತರಲು ಹೋದವನು ನೀರು ತುಂಬಲು ನಿಂತುಬಿಟ್ಟೆ.

ಆ ವರ್ಷವೆಲ್ಲ ಮಾವ ಸಂತೆಗೆ ಹೋದಂತೆ ಆ ಊರಿಗೆ ಹೋಗಿ ಬಂದರು. ಮರುವರ್ಷದ ಬಿತ್ತನೆ ಮುಗಿದ ಮೇಲೆ ವರನ ತಂದೆ ನಮ್ಮ ಮನೆಗೆ ಬಂದರು. ಕೋಲು ಇರಲಿಲ್ಲ. ಅವ್ವ ಗಾಬರಿಯಲ್ಲಿ ಬೆಲ್ಲ, ನೀರು ತಂದಿಟ್ಟಳು. ಅವರು ತಂಬಿಗೆಯೊಳಗೆ ಇಣುಕಿದರು.

"ಸೋಸೀರೇನ್ರಿ?"

ಅಪ್ಪ ಬಿದ್ದು ಬಿದ್ದು ನಕ್ಕರು. ಶ್ರಾವಣದಲ್ಲಿ ಲಗ್ನವಾಯಿತು.

ಲಗ್ನದ ಮರುದಿನ ನಾನೂ ಮಾವನೂ ಸವದತ್ತಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಕೆಣಕಬೇಕೆನಿಸಿತು. "ಮಾಮಾ, ಈ ಹುಚ್ಚು ನಿಮಗ ಎಲ್ಲಿಂದ ಹತ್ತಿತು?"

ಒಂದು ಚಟಾಕಿ ಬರುತ್ತದೆಂದು ಕಾದೆ. ಮಾವ ದೇವಿಯ ಗುಡ್ಡದ ಕಡೆ ನೋಡುತ್ತಿದ್ದರು.

"ನಿಮ್ಮ ಅತ್ತೀನ್ನ ನೀ ನೋಡಿಲ್ಲ. ಲಗ್ನ ಆದ ವರ್ಷ, ಇದ ಗುಡ್ಡಕ್ಕ ನಡಕೋಂತ ಹೊಂಟಿದ್ವಿ. ಅಕಿಗೆ ಭಾಳ ನೀರಡಿಸಿತ್ತು. ದಾರ್ಯಾಗ ಒಂದು ಬಾವಿ. ದಣದಿದ್ಲು, ನಾನ ಇಳದು ಬೊಗಸ್ಯಾಗ ತಂದು ಕುಡಿಸಿದೆ. ವರ್ಷದ ಮ್ಯಾಲ ನಾರು ಬಂತು. ಹುಣ್ಣು ನಂಜಾತು. ಉಳೀಲಿಲ್ಲ."

ಬಸ್ಸು ಬಂದು ನಿಂತಿತು. ಮಾವ ಏಳಲಿಲ್ಲ.

"ಕುಡದು ನಕ್ಕಿದ್ಲು, ಅಳಿಯಾ. ಎಷ್ಟು ತಣ್ಣಗ ಅದಾವ್ರಿ, ಇನ್ನೊಂದು ಬೊಗಸಿ ತರ್ರಿ ಅಂದ್ಲು. ಓಡಿ ಹೋಗಿ ತಂದು ಕೊಟ್ಟೆ."