ಮೊದಲನೆಯದು ಜೋರು, ಎರಡನೆಯದು ಮೆಲ್ಲಗೆ

ಚಪ್ಪಾಳೆ ತಟ್ಟಿಸಿ ಇಂಗ್ಲಿಷ್ ಉಚ್ಚಾರ ಕಲಿಸುವ ಕುರಮೋಚಿ ಮೇಷ್ಟ್ರ ಕಷ್ಟಕ್ಕೆಲ್ಲ ಮೂಲ ಆ ಚಪ್ಪಾಳೆಯೇ. ಇಂಗ್ಲಿಷಿನ 'ಬೇಸ್‌ಬಾಲ್' ಬಾಯಲ್ಲಿ ಎರಡೇ ತುಂಡು. ಮೊದಲನೆಯದನ್ನು ಒತ್ತಿ ಹೇಳಬೇಕು, ಅದಕ್ಕೆ ಜೋರು ಚಪ್ಪಾಳೆ; ಎರಡನೆಯದಕ್ಕೆ ಮೆಲ್ಲಗೆ. ಅವರ ತರಗತಿಯ ಒಂಬತ್ತು ಮಕ್ಕಳೋ, ಜಪಾನಿ ನಾಲಿಗೆಯ ರೂಢಿಯಂತೆ 'ಬೇ-ಏ-ಸು-ಬೋ-ಓ-ರು' ಎಂದು ಒಂದೇ ಸಮನೆ ಆರು ಸಲ ತಟ್ಟುತ್ತಿದ್ದರು.

ಇವತ್ತು ಊರವರೆದುರು ಬಹಿರಂಗ ಪಾಠ. ಶಿಕ್ಷಣ ಕಚೇರಿಯ ಹಿರಾಮಾತ್ಸು ಸಾಹೇಬರು ಬೆಳಗಿನ ದೋಣಿಯಲ್ಲೇ ದ್ವೀಪಕ್ಕೆ ಬಂದಿಳಿದಿದ್ದರು. ಅವರು ಮೆಚ್ಚಿದರೆ ಮಾರ್ಚ್ ಕೊನೆಗೆ ವರ್ಗಾವಣೆ, ಆರು ವರ್ಷದಿಂದ ದೂರವಿದ್ದ ಹೆಂಡತಿ ಮಗಳ ಬಳಿಗೆ. ಹೆಂಡತಿ ಆಗಲೇ ಮನೆ ಬಾಗಿಲ ಬಳಿ ಗಂಡನಿಗೆಂದು ಹೊಸ ಚಪ್ಪಲಿ ಜೋಡಿಸಿಟ್ಟಿದ್ದಳು.

ಇದನ್ನು ತಮ್ಮ ಮನೆ ಪಕ್ಕದ ಮೀನಂಗಡಿಯ ಸಾಯೊ ಅಜ್ಜಿಗೆ ಹೇಳಿದ್ದೇ ತಪ್ಪಾಯಿತು. "ಹೆದರ್ಬೇಡಿ ಮೇಷ್ಟ್ರೇ, ನಾವಿದೀವಲ್ಲ!" ಎಂದಿದ್ದಳು. ಅವರಿಗೆ ಹೆದರಿಕೆ ಶುರುವಾಗಿದ್ದೇ ಆಗ.

ಮೇಷ್ಟ್ರೂ ಒಂದು ಉಪಾಯ ಹೂಡಿದ್ದರು. ಏನು ಕೇಳಿದರೂ ಎಲ್ಲರೂ ಕೈ ಎತ್ತಬೇಕು. ಗೊತ್ತಿದ್ದರೆ ಬಲಗೈ, ಇಲ್ಲದಿದ್ದರೆ ಎಡಗೈ.

ಹಲಗೆಯ ಮೇಲೆ 'ಟೂತ್‌ಬ್ರಶ್' ಬರೆದರು. ಒಂಬತ್ತೂ ಕೈ ಮೇಲೆದ್ದವು. ಒಂದು ಬಲಗೈ, ಎಂಟು ಎಡಗೈ. ಬಲಗೈಯವನ ಹೆಸರು ಬಾಯಿಗೆ ಬರುವಷ್ಟರಲ್ಲಿ ಸಾಹೇಬರು ಎದ್ದರು.

"ನಾನೇ ಕೇಳ್ತೀನಿ. ನೀನು ಹೇಳಮ್ಮ."

ಚಿತೋಸೆ! ಎಡಗೈ! ಹುಡುಗಿ ತಟ್ಟಲೆಂದು ಎರಡೂ ಕೈ ಎತ್ತಿ ಹಾಗೇ ನಿಂತಳು. ಮೇಷ್ಟ್ರ ಕಣ್ಣಿಗೆ ಹೆಂಡತಿ ಚಪ್ಪಲಿಯನ್ನು ಮತ್ತೆ ಪೆಟ್ಟಿಗೆಗೆ ತುಂಬುತ್ತಿದ್ದಂತೆ ಕಂಡಿತು.

ಆಗ ಹಿಂದೆ ಕೂತಿದ್ದ ಊರವರ ನಡುವಿನಿಂದ 'ಟಪ್! ಟಪ್' ಎಂದಿತು. ಸಾಯೊ ಅಜ್ಜಿ! ಅವಳ ಹಿಂದೆಯೇ ಬಲೆ ಎಳೆಯುವವರು, ಅಂಚೆಯವನು, ಎಲ್ಲರೂ: "ಟೂತ್! ಬ್ರಶ್."

"ನಿಮಗ್ಯಾರು ಕಲಿಸಿದ್ದು ಅಜ್ಜಿ?" ಸಾಹೇಬರು ಬೆರಗಾದರು.

"ಇನ್ಯಾರು, ನಮ್ಮ ಮೇಷ್ಟ್ರು! ದಿನಾ ಬೆಳಗ್ಗೆ ಮನೇಲಿ ತಟ್ತಾರೆ, ನಮ್ಮ ಗೋಡೆ ತೆಳು. ಈಗ ನನ್ನಂಗಡೀಲಿ ತಪ್ಪು ತಟ್ಟಿದೋರಿಗೆ ಮೀನೇ ಇಲ್ಲ."

ಸಾಹೇಬರ ಕಣ್ಣು ಒದ್ದೆಯಾಯಿತು. ಮೇಷ್ಟ್ರಿಗೆ ಸೊಂಟ ಬಾಗಿಸಿ ವಂದಿಸಿದರು. ಮೇಷ್ಟ್ರಿಗೆ ಹೋದ ಜೀವ ಬಂತು.

"ಕುರಮೋಚಿ ಅವರೇ, ಮಕ್ಕಳಿಗೆ ಕಲಿಸೋರು ಬೇಕಾದಷ್ಟು ಜನ. ಊರಿಗೇ ಕಲಿಸಿದೋರನ್ನ ಇವತ್ತೇ ಕಂಡಿದ್ದು. ನಿಮ್ಮನ್ನ ಇಲ್ಲಿಂದ ಕಿತ್ತರೆ ನನಗೆ ಪಾಪ ಸುತ್ಕೊಳ್ಳುತ್ತೆ. ಇನ್ನೂ ಆರು ವರ್ಷ ಇಲ್ಲೇ ಇರಿ!"

ಸಾಹೇಬರ ದನಿಯ ಉತ್ಸಾಹಕ್ಕೆ ಊರೆಲ್ಲ ಚಪ್ಪಾಳೆ ತಟ್ಟಿತು. ಎರಡೇ. ಮೊದಲನೆಯದು ಜೋರು; ಮಾತಿನ ಅರ್ಥ ಹೊಳೆದ ಮೇಲೆ ಎರಡನೆಯದು ಮೆಲ್ಲಗೆ.